ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ನನ್ನ ಫ್ಲೂ ಸೂಜಿ

ಸೂಜಿ ಹಾಕಿಸಿಕೊಳ್ಳುವುದು ಒಂದು ವಿದ್ಯೆಯೇ? ಅಂಗಿಯ ತೋಳು ಏರಿಸಬೇಕು, ಮುಖ ಆ ಕಡೆ ತಿರುಗಿಸಬೇಕು, ಮುಗಿಯಿತು. ನಾನು ಹಾಗೆಂದೇ ನಂಬಿದ್ದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಮೆಣಸಿನಕಾಯಿಯ ಬಣ್ಣ, ಸುಕ್ಕು ನೋಡಿ ದರ್ಜೆ ಹೇಳಿದವನು ನಾನು. ಚೀಲದ ಬಾಯಿ ಬಿಚ್ಚುವ ಮೊದಲೇ ಮಾಲು ಎಂಥದ್ದೆಂದು ವಾಸನೆಯ ಮೇಲೆ ಹೇಳುತ್ತಾನೆ ಶೇಖಪ್ಪ ಎಂಬ ಹೆಸರೂ ಇತ್ತು. ಅಂಥವನಿಗೆ ಬೆರಳುದ್ದದ ಸೂಜಿ ಯಾವ ಲೆಕ್ಕ?

ಇದು ಅಂಗಡಿಗಳ ಎದುರು ಒಂದು ರೂಪಾಯಿ ಹಾಕಿ ಮಾತಾಡುವ ಕೆಂಪು ಫೋನು ತೂಗಾಡುತ್ತಿದ್ದ ಕಾಲದ ಮಾತು. ರಾಣೇಬೆನ್ನೂರಿಗೆ ಕೊಟ್ಟ ನನ್ನ ಒಬ್ಬಳೇ ಮಗಳು ರೇಣುಕಾ ಹೆಣ್ಣು ಕೂಸು ಹಡೆದಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ಕಡೆಯ ಪದ್ಧತಿ. ಆದರೆ ತವರು ಎನ್ನಲು ಉಳಿದದ್ದೇನು? ಹೆಂಡತಿ ತೀರಿ ನಾಲ್ಕು ವರ್ಷವಾಗಿತ್ತು. ನಾನು ಒಂದು ದಲಾಲಿ ಅಂಗಡಿಯ ಮಹಡಿಯ ಮೇಲೆ, ಒಂದೇ ಕೋಣೆಯಲ್ಲಿ ಇದ್ದೆ. ಕೆಳಗೆ ಮೆಣಸಿನಕಾಯಿಯ ರಾಶಿ, ಮೇಲೆ ನಾನು. ಸುಗ್ಗಿಯ ದಿನಗಳಲ್ಲಿ ಆ ಕೋಣೆಯ ಗೋಡೆಗಳೂ ಸೀನಬೇಕು. ಬೀಗಿತ್ತಿ ಗೌರವ್ವನವರು, ಅಂದರೆ ರೇಣುಕಾಳ ಅತ್ತೆ, ಇದನ್ನು ಮೊದಲೇ ಮುಖದ ಮೇಲೆ ಹೇಳಿಬಿಟ್ಟಿದ್ದರು.

"ಸಿಟ್ಟಾಗಬ್ಯಾಡ್ರಿ ಬೀಗರ. ಬ್ಯಾಡಗ್ಯಾಗ ಬಾಣಂತಿ ಇಡೂದು ಹೆಂಗ್ರಿ? ಅಲ್ಲಿ ಮಂದಿ ಮಾತಿಗೊಮ್ಮೆ ಸೀನತಾರ."

ಸಿಟ್ಟು ಬರಲಿಲ್ಲ. ಸುಳ್ಳು ಹೇಳಿದ್ದರೆ ಬರುತ್ತಿತ್ತು. ಮಗಳನ್ನು ಹೆರಿಗೆಗೆ ಕರೆತರಲಾಗದ ತಂದೆ ನಾನು ಎಂಬುದು ಮಾತ್ರ ಒಳಗೆ ಮುರಿದ ಮುಳ್ಳಿನಂತೆ ಉಳಿಯಿತು.

ಕೂಸು ದಿನ ತುಂಬುವ ಮೊದಲೇ ಹುಟ್ಟಿತ್ತು. ದವಾಖಾನೆಯಲ್ಲಿ ಗಾಜಿನ ಆಚೆಯಿಂದ ಒಮ್ಮೆ ನೋಡಿದ್ದೆ. ಬಟ್ಟೆಯ ಒಂದು ಗಂಟು ಕಂಡಿತು, ಗಂಟಿನ ತುದಿಗೆ ಒಂದು ಮೂಗು. ನನ್ನ ಹೆಂಡತಿಯ ಮೂಗು. ಅದನ್ನು ಯಾರಿಗಾದರೂ ಹೇಳಬೇಕೆಂದು ಆ ಕಡೆ ಈ ಕಡೆ ನೋಡಿದೆ. ಯಾರೂ ಇರಲಿಲ್ಲ, ಬಸ್ಸು ಹತ್ತಿ ಊರಿಗೆ ಬಂದೆ.

ಕೂಸಿನ ತೂಕ ಏರಲಿ ಎಂದು ತೊಟ್ಟಿಲಿಗೆ ಹಾಕುವ ಕಾರ್ಯವನ್ನು ಮೂರನೇ ತಿಂಗಳಿಗೆ ಇಟ್ಟರು. ಒಂದು ದಿನ ಅಂಗಡಿಯ ಫೋನಿಗೆ ರೇಣುಕಾಳ ಕರೆ ಬಂತು.

"ಅಪ್ಪಾ, ಕೂಸಿಗೆ ಆರ ತಿಂಗಳ ತುಂಬೂ ತನಕ ಫ್ಲೂ ಸೂಜಿ ಹಾಕಾಕ ಬರೂದಿಲ್ಲಂತ. ಅದಕ್ಕ ಎತ್ಕೊಳ್ಳೂ ಮಂದಿ ಹಾಕಸ್ಕೊಂಡಿರಬೇಕು ಅಂತ ಡಾಕ್ಟರ ಹೇಳ್ಯಾರ. ಇಲ್ಲೆ ಮನ್ಯಾಗ ಎಲ್ಲಾರೂ ಹಾಕಸ್ಕೊಂಡಾರ. ನೀನೂ ಹಾಕಸ್ಕೊಂಡ ಬಾ."

"ಹಾಕಸ್ಕೊಂಡ್ರ ಎತ್ಕೋಬಹುದಾ?"

"ಎತ್ಕೋಬಹುದು. ಆದ್ರ ಎರಡ ವಾರ ಮೊದಲ ಹಾಕಸ್ಕೋಬೇಕು. ಅದರ ಬಲ ಮೈಗೆ ಹತ್ತಾಕ ಅಷ್ಟ ದಿನಾ ಬೇಕು."

ತೊಟ್ಟಿಲಿಗೆ ಇಪ್ಪತ್ತು ದಿನ ಇತ್ತು. ಎರಡು ವಾರ ಕಳೆದರೆ ಉಳಿಯುವುದು ಆರು ದಿನ. ಆರು ದಿನದಲ್ಲಿ ಮನುಷ್ಯ ಮನೆ ಕಟ್ಟುತ್ತಾನೆ, ನಾನು ಒಂದು ಸೂಜಿ ಹಾಕಿಸಿಕೊಳ್ಳಲಾರೆನೇ?

ನಮ್ಮ ಓಣಿಯ ಡಾಕ್ಟರ ಹತ್ತಿರ ಹೋದೆ. ಅವರು ನನ್ನ ಉತ್ಸಾಹ ನೋಡಿ ಮೊದಲು ಕೂಡಿಸಿದರು.

"ಛಲೋ ವಿಚಾರರಿ ಶೇಖಪ್ಪಾರ. ಆದ್ರ ನಾ ಅದನ್ನ ಇಲ್ಲೆ ಇಡೂದಿಲ್ಲ. ಹಾವೇರ್ಯಾಗ ಸಿಗ್ತೈತಿ, ತಗೊಂಡ ಬರ್ರಿ, ಹಾಕ್ತೇನಿ. ಥಂಡ ಇರಬೇಕು. ಬರ್ಫ ಆಗಬಾರದು. ತಂದವರು ಸೀದಾ ನನ್ನ ಕಡೆ ಬರಬೇಕು." ಆಮೇಲೆ ಕೇಳಿದರು, "ಜ್ವರ ಏನರ ಐತೇನು? ತತ್ತಿ ತಿಂದ್ರ ಮೈಗೆ ಆಗಬರ್ತೈತಿಲ್ಲೋ?"

"ನಮ್ಮ ಮನ್ಯಾಗ ಮೂರ ತಲಿಮಾರಿನಿಂದ ತತ್ತಿ ಹೊಸ್ತಿಲಾ ದಾಟಿಲ್ರಿ," ಎಂದೆ, ಎದೆ ಉಬ್ಬಿಸಿ.

"ಅಂದ್ರ ಆಗಬರ್ತೈತೋ ಇಲ್ಲೋ ನಿಮಗೂ ಗೊತ್ತಿಲ್ಲ. ಈ ಔಷಧಾ ತತ್ತ್ಯಾಗ ತಯಾರ ಮಾಡ್ತಾರ, ಅದಕ್ಕ ಕೇಳಿದೆ. ಇರಲಿ, ಹಾಕಿದ ಮ್ಯಾಲೆ ಅರ್ಧಾ ತಾಸ ಇಲ್ಲೇ ಕುಂದ್ರಸ್ತೇನಿ."

ಮೊಟ್ಟೆ ಮುಟ್ಟದ ಮೂರು ತಲೆಮಾರಿನ ಮರ್ಯಾದೆ ಒಂದು ಕ್ಷಣ ಅಲುಗಾಡಿತು. ಆದರೆ ಗಾಜಿನ ಆಚೆಯ ಆ ಮೂಗು ನೆನಪಾಯಿತು. ತಿನ್ನುವುದಲ್ಲ, ಚುಚ್ಚಿಸಿಕೊಳ್ಳುವುದು ತಾನೇ ಎಂದು ನನ್ನಷ್ಟಕ್ಕೆ ನಾನೇ ತೀರ್ಪು ಕೊಟ್ಟುಕೊಂಡೆ. ಹಿರಿಯರು ಯಾರೂ ಎದ್ದು ಬಂದು ಜಗಳ ತೆಗೆಯಲಿಲ್ಲ.

ರವಿವಾರ ಮಾರುಕಟ್ಟೆಗೆ ರಜೆ. ಹಾವೇರಿಗೆ ಹೋದೆ. ಔಷಧಿ ಅಂಗಡಿಯವನು ಥರ್ಮಾಕೋಲಿನ ಡಬ್ಬಿಯಲ್ಲಿ ಬರ್ಫದ ಚೀಲವಿಟ್ಟು, ನಡುವೆ ಕಾಗದ ಸುತ್ತಿ, ಸೂಜಿಯ ಪೆಟ್ಟಿಗೆ ಇಟ್ಟುಕೊಟ್ಟ. "ಎಲ್ಲೂ ತಡಾ ಮಾಡಬ್ಯಾಡ್ರಿ ಯಜಮಾನ್ರ," ಎಂದ. ತಡ ಯಾಕೆ ಮಾಡಲಿ? ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟು, ಎಡಗೈ ಕೆಳಗೆ, ಬಲಗೈ ಮೇಲೆ ಹಿಡಿದು ಕೂತೆ. ಕೂಸು ಹಿಡಿಯುವ ಅಭ್ಯಾಸವೂ ಆದಂತಾಯಿತು. ಹಳ್ಳ ಬಂದಾಗ ಎತ್ತಿ ಹಿಡಿದೆ. ಎದುರಿನ ಸೀಟಿನ ಮುದುಕಿ ನನ್ನ ಮೋರೆ ನೋಡಿ, ಡಬ್ಬಿ ನೋಡಿ, ಸ್ವಲ್ಪ ದೂರ ಸರಿದು ಕೂತಳು.

ಬ್ಯಾಡಗಿಗೆ ಬಂದು ನೋಡಿದರೆ ದವಾಖಾನೆಯ ಬಾಗಿಲಿಗೆ ಕೀಲಿ. ಒಂದು ಚೀಟಿ ಅಂಟಿಸಿದ್ದರು. ಡಾಕ್ಟರು ಲಗ್ನಕ್ಕೆಂದು ಗುತ್ತಲಕ್ಕೆ ಹೋಗಿದ್ದಾರೆ, ಮಂಗಳವಾರ ಬರುತ್ತಾರೆ. ರವಿವಾರ ನನಗೆ ರಜೆ ಇದ್ದರೆ ಡಾಕ್ಟರಿಗೂ ಇರಬಹುದು ಎಂಬ ಸಣ್ಣ ಸಂಗತಿ, ಮೂವತ್ತು ವರ್ಷ ದರ್ಜೆ ಹೇಳಿದ ಈ ತಲೆಗೆ ಹೊಳೆದಿರಲಿಲ್ಲ.

ಈಗ ಡಬ್ಬಿಯನ್ನು ಎಲ್ಲಿಡುವುದು? ಪಕ್ಕದ ಮನೆಯ ಗಿರಿಜವ್ವನ ಹತ್ತಿರ ಫ್ರಿಜ್ಜು ಇತ್ತು. ಆಕೆ ನನಗಿಂತ ದೊಡ್ಡವಳು, ಎಂದಾದರೊಮ್ಮೆ ನನಗೆ ಮಜ್ಜಿಗೆ ಕೊಡುವ ಏಕೈಕ ಜೀವ. ಕೇಳಿದ ಕೂಡಲೇ ಒಪ್ಪಿದಳು. ಮೊಸರಿನ ಗಡಿಗೆಯನ್ನು ಸರಿಸಿ ಜಾಗವನ್ನೂ ಮಾಡಿದಳು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ದಿನವಿಡೀ ಯಾರೊಡನೆಯೂ ನಾಲ್ಕು ಮಾತಾಡದವನಿಗೆ ಒಬ್ಬರು ಕೇಳುವವರು ಸಿಕ್ಕರೆ ನಾಲಿಗೆ ಹಿಡಿತದಲ್ಲಿ ಇರುವುದಿಲ್ಲ. ಪೆಟ್ಟಿಗೆಯೊಳಗಿನ ಇಂಗ್ಲಿಷ್ ಕಾಗದ ಬಿಡಿಸಿ, ಕನ್ನಡಕ ಏರಿಸಿ, ಅಕ್ಷರ ಅಕ್ಷರ ಕೂಡಿಸಿ ಓದಿ ಅರ್ಥ ಹೇಳತೊಡಗಿದೆ. ತತ್ತಿಯ ಸಾಲು ಬಂತು. ಅದನ್ನೂ ಹೇಳಿದೆ.

ಗಿರಿಜವ್ವ ಪೆಟ್ಟಿಗೆಯನ್ನು ಎರಡೇ ಬೆರಳಲ್ಲಿ ಹಿಡಿದು ಹೊರಗೆ ತಂದಳು.

"ಶೇಖಪ್ಪಾ, ನಮ್ಮ ಫ್ರಿಜ್ಜಿನ್ಯಾಗ ದೇವರ ಹಾಲ ಇರ್ತೈತೋ."

"ಅವ್ವಾರ, ಇದು ಮುಚ್ಚಿದ್ದೈತಿ. ಏನೂ ಆಗೂದಿಲ್ಲ."

"ದೇವರಿಗೆ ಮುಚ್ಚಿದ್ದೂ ಕಾಣ್ತೈತಿ. ನೀ ಮಜ್ಜಿಗಿ ಕುಡದ ಹೋಗು."

ಮಜ್ಜಿಗೆ ಕುಡಿದು ಬೀದಿಗೆ ಬಂದೆ. ಡಬ್ಬಿಯಲ್ಲಿನ ಬರ್ಫ ಕರಗುತ್ತಿತ್ತು. ಆಗ ನನ್ನ ತಲೆಯಲ್ಲಿ ಒಂದು ದೀಪ ಹೊತ್ತಿತು. ಅದು ಹೊತ್ತದೆ ಇದ್ದಿದ್ದರೆ ಛಲೋ ಇತ್ತು.

ಬ್ಯಾಡಗಿಯಲ್ಲಿ ಮನುಷ್ಯರಿಗೆ ಥಂಡಿ ಸಿಗದಿದ್ದರೂ ಮೆಣಸಿನಕಾಯಿಗೆ ಸಿಗುತ್ತದೆ. ಬಣ್ಣ ಕೆಡಬಾರದೆಂದು ಚೀಲಗಟ್ಟಲೆ ಕಾಯಿಯನ್ನು ಇಡುವ ಕೋಲ್ಡ್ ಸ್ಟೋರೇಜುಗಳು ಊರ ಹೊರಗೆ ಕೋಟೆಯಂತೆ ನಿಂತಿವೆ. ಅಂಥ ಒಂದರಲ್ಲಿ ನನ್ನ ಗೆಳೆಯ ಫಕ್ಕೀರಪ್ಪ ಮ್ಯಾನೇಜರ್. ಊರಿಗೆ ಊರೇ ನಂಬಿದ ಥಂಡಿಯನ್ನು ನಾನು ನಂಬಬಾರದೇ?

ಫಕ್ಕೀರಪ್ಪ ನಿಯಮದ ಮನುಷ್ಯ. "ಚೀಟಿ ಇಲ್ಲದ ಒಂದ ಕಾಳೂ ಒಳಗ ಹೋಗೂದಿಲ್ಲ," ಎಂದು ಪುಸ್ತಕ ತೆಗೆದ. ಮೆಣಸಿನಕಾಯಿಗೆಂದು ಅಚ್ಚಾದ ಚೀಟಿ ಅದು. ಗಂಭೀರವಾಗಿ ತುಂಬಿದ. ಮಾಲಿನ ಹೆಸರು: ಜ್ವರದ ಸೂಜಿ. ಎಷ್ಟು ನಗ: ಒಂದು. ಬಣ್ಣ: ಬಿಳಿ. ಸುಕ್ಕು: ಇಲ್ಲ. ಮಾಲಿನ ಒಡೆಯ: ಶೇಖಪ್ಪ. ನಾನು ಸಹಿ ಮಾಡಿದೆ. ಥರ್ಮಾಕೋಲು ಜಜ್ಜಿಹೋಗಬಾರದೆಂದು ನನ್ನ ಜಿಪ್ಪಿನ ಕೈಚೀಲದೊಳಗೆ ಇಟ್ಟು ಕೊಟ್ಟೆ.

"ಛಲೋ ಥಂಡ ಇರಬೇಕು ನೋಡಪಾ," ಎಂದೆ.

"ಅದನ್ನ ನನಗ ಹೇಳ್ತೀ ಏನು?"

ಡಾಕ್ಟರು ಎರಡು ಮಾತು ಹೇಳಿದ್ದರು. ಥಂಡ ಇರಬೇಕು, ಬರ್ಫ ಆಗಬಾರದು. ನಾನು ಮೊದಲನೆಯದನ್ನು ಮಾತ್ರ ಕೋಲ್ಡ್ ಸ್ಟೋರೇಜಿಗೆ ಒಯ್ದಿದ್ದೆ. ಎರಡನೆಯದು ದವಾಖಾನೆಯಲ್ಲೇ ಉಳಿದಿತ್ತು.

ಮಂಗಳವಾರ ಮುಂಜಾನೆ ಹೋದಾಗ ಅಲ್ಲಿ ಹೊಸ ಮಾಲು ಇಳಿದಿತ್ತು. ನನ್ನ ಚೀಲದ ಮುಂದೆ ಮೆಣಸಿನಕಾಯಿ ಚೀಲಗಳ ಗೋಡೆ ಎದ್ದಿತ್ತು. ನಾಲ್ವರು ಹಮಾಲರು ಬೈಯುತ್ತ ಗೋಡೆ ಒಡೆದರು. ಒಂದು ಚೀಲದ ಹೊಲಿಗೆ ಬಿಚ್ಚಿ ಮೈತುಂಬ ಪುಡಿ ಸುರಿಯಿತು. ನಾನು ಸೀನಿದೆ, ಹಮಾಲರು ಸೀನಿದರು, ಫಕ್ಕೀರಪ್ಪ ಬಾಗಿಲಲ್ಲೇ ನಿಂತು ಸೀನಿದ. ಕೊನೆಗೆ ಚೀಲ ಸಿಕ್ಕಿತು. ಸ್ನೇಹಧರ್ಮಕ್ಕೆಂದು ಫಕ್ಕೀರಪ್ಪ ಅದನ್ನು ಗಾಳಿ ಬಿಡುವ ಯಂತ್ರದ ಕೊಳವೆಗೆ ಒತ್ತಿ ಇಟ್ಟಿದ್ದ. ಡಬ್ಬಿ ತೆರೆದು ಹೆಮ್ಮೆಯಿಂದ ತೋರಿಸಿದ.

"ನೋಡು, ಕಲ್ಲಾಗೇತಿ. ಯಾವ ಫ್ರಿಜ್ಜಿನ್ಯಾಗ ಹಿಂಗ ಆಗ್ತೈತಿ ಹೇಳು."

ಯಾವ ಫ್ರಿಜ್ಜಿನಲ್ಲೂ ಹೀಗೆ ಆಗಬಾರದೆಂದು ನನಗೆ ಆಗ ನೆನಪಾಯಿತು. ದವಾಖಾನೆಗೆ ನಡೆದು ಹೋಗುವಷ್ಟರಲ್ಲಿ ಒಳಗಿನದು ಕರಗಿತ್ತು. ಬಿಸಿಲಿಗೆ ಹಿಡಿದು ನೋಡಿದೆ. ತಿಳಿಯಾಗಿತ್ತು, ಹೊಸದರ ಹಾಗೇ ಇತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಎರಡ ದಿನಾ ಎಲ್ಲಿಟ್ಟಿದ್ರಿ?" ಎಂದು ಡಾಕ್ಟರು ಕೇಳಿದರು.

ಗಿರಿಜವ್ವನ ಫ್ರಿಜ್ಜಿನಲ್ಲಿ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದು ಕೂತಿತ್ತು. ಒಂದೇ ಮಾತು, ತೋಳು ಚಾಚಿದರೆ ಕೆಲಸ ಮುಗಿಯುತ್ತದೆ, ತೊಟ್ಟಿಲಿಗೆ ಹೋಗಬಹುದು. ಆದರೆ ಆ ಸುಳ್ಳನ್ನು ಮೈಯಲ್ಲಿಟ್ಟುಕೊಂಡು ಯಾವ ಮೂಗಿನ ಹತ್ತಿರ ಮುಖ ಒಯ್ಯಲಿ? ಇದ್ದದ್ದು ಇದ್ದಂತೆ ಹೇಳಿದೆ. ಸಾಕ್ಷಿಗೆ ಫಕ್ಕೀರಪ್ಪನ ಚೀಟಿಯನ್ನೂ ಮುಂದಿಟ್ಟೆ.

ಡಾಕ್ಟರು 'ಸುಕ್ಕು: ಇಲ್ಲ' ಎಂಬಲ್ಲಿಗೆ ಬಂದಾಗ ಚೀಟಿಯನ್ನು ಮುಖಕ್ಕೆ ಅಡ್ಡ ಹಿಡಿದರು. ಅವರ ಹೆಗಲು ಅಲುಗುವುದು ನನಗೆ ಕಾಣುತ್ತಿತ್ತು. ಆಮೇಲೆ ಸಮಾಧಾನದಿಂದ ಹೇಳಿದರು.

"ನಾ ಇದನ್ನ ಹಾಕೂದಿಲ್ಲ. ನೋಡಾಕ ಬರೋಬ್ಬರಿ ಕಾಣ್ತೈತಿ, ಆದ್ರ ಒಮ್ಮೆ ಬರ್ಫ ಆತಂದ್ರ ಅದರ ಕಸುವು ನಂಬಾಕ ಬರೂದಿಲ್ಲ. ಹಾಕಿದ್ರ ನಿಮಗ ಧೈರ್ಯ ಬರ್ತೈತಿ, ರಕ್ಷಣಾ ಬರೂದಿಲ್ಲ. ಆ ಧೈರ್ಯದ ಮ್ಯಾಲೆ ಕೂಸಿನ್ನ ಎತ್ಕೊಂತೀರಿ. ಇನ್ನ ತಂದ ಕೊಡೂದ ಬ್ಯಾಡ. ಹಾವೇರ್ಯಾಗ ಇದನ್ನ ಇಟ್ಟಿರೂ ದವಾಖಾನಿ ಐತಿ, ಅಲ್ಲೇ ಹಾಕಸ್ಕೋರಿ."

ಸೂಜಿಯನ್ನು ಒಂದು ಬೇರೆ ಡಬ್ಬಿಗೆ ಹಾಕಿದರು. ಎರಡು ದಿನ ನಾನು ಜೋಪಾನ ಮಾಡಿದ್ದು ಟಣ್ ಎಂದು ಬಿತ್ತು.

ಬುಧವಾರ ಮತ್ತೆ ಹಾವೇರಿ. ತೊಟ್ಟಿಲಿಗೆ ಹದಿನೈದು ದಿನ, ಬೇಕಾದದ್ದು ಹದಿನಾಲ್ಕು. ಕೈಯಲ್ಲಿ ಉಳಿದದ್ದು ಒಂದೇ ದಿನ, ಅದೂ ದಾಟಿದರೆ ಮುಗಿಯಿತು. ಮತ್ತು ನಾನು ಹೇಗಿದ್ದೆ? ಹಿಂದಿನ ದಿನದ ಮೆಣಸಿನಪುಡಿಯಿಂದ ಕಣ್ಣು ಕೆಂಪು, ಮೂಗು ಹರಿಯುತ್ತಿದೆ, ದನಿ ಒಡೆದಿದೆ. ಆ ದವಾಖಾನೆಯ ಡಾಕ್ಟರಮ್ಮ ನನ್ನನ್ನು ನೋಡಿದವರೇ ಒಂದು ಹೆಜ್ಜೆ ಹಿಂದೆ ಸರಿದರು.

"ಜ್ವರ ಇದ್ರ ಇವತ್ತ ಹಾಕೂದಿಲ್ರಿ. ಆರಾಮಾದ ಮ್ಯಾಲೆ ಬರ್ರಿ."

"ಜ್ವರಲ್ರಿ ಮೇಡಮ್ಮಾರ. ಖಾರ."

ಅವರು ನಂಬಲಿಲ್ಲ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರು. ಅದು ಮೇಲೇರದಿರಲಿ ಎಂದು ಉಸಿರು ಬಿಗಿಹಿಡಿದು ಕೂತೆ. ಜ್ವರವಿರಲಿಲ್ಲ. ಅವರು ಇನ್ನೂ ಅನುಮಾನದಿಂದ ನೋಡಿ, "ಯಾವೂರು?" ಎಂದರು.

"ಬ್ಯಾಡಗಿ."

"ಮೊದಲ ಹೇಳಬಾರದೇನ್ರಿ," ಎಂದು ತೋಳು ಒರೆಸಿದರು.

ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ನಾಲ್ಕು ದಿನ ಇದಕ್ಕಾಗಿ ಒದ್ದಾಡಿದವನಿಗೆ ಸ್ವಲ್ಪವಾದರೂ ನೋಯಬೇಕಿತ್ತು ಅನ್ನಿಸಿತು.

ಅರ್ಧ ತಾಸು ಬೆಂಚಿನ ಮೇಲೆ ಕೂಡಿಸಿದರು. "ಜೋಡಿ ಯಾರ ಬಂದಾರ?" ಎಂದು ನರ್ಸಮ್ಮ ಕೇಳಿದಳು. ಯಾರೂ ಇಲ್ಲ ಎಂದೆ. ಆ ಕಾರಣಕ್ಕೋ ಏನೋ, ಹಾದುಹೋಗುವಾಗಲೆಲ್ಲ "ಹೆಂಗದೀರಿ? ಮೈ ತುರಸ್ತೈತೇನು? ಉಸರಿಗೆ ತ್ರಾಸ ಏನರ?" ಎಂದು ಕೇಳುತ್ತಿದ್ದಳು. ಅದು ಅವಳ ಕೆಲಸ, ನನಗೆ ಗೊತ್ತು. ಆದರೂ ಹೇಗಿದ್ದೀಯಾ ಎಂದು ಒಂದೇ ದಿನದಲ್ಲಿ ಮೂರು ಸಲ ನನ್ನನ್ನು ಯಾರಾದರೂ ಕೇಳಿ ನಾಲ್ಕು ವರ್ಷವಾಗಿತ್ತು. ಅರ್ಧ ತಾಸು ಮುಗಿಯಿತು. ನಾನು ಏಳಲಿಲ್ಲ. ಒಂದು ತಾಸಾದ ಮೇಲೆ ಅವಳೇ ಬಂದು, "ಯಜಮಾನ್ರ, ನೀವು ಆರಾಮ ಅದೀರಿ, ಹೋಗ್ರಿ," ಎಂದಳು. ಎದ್ದು ಬಂದೆ.

ಮರುದಿನ ತೋಳು ನೋಯುತ್ತಿತ್ತು, ಮೈ ಸ್ವಲ್ಪ ಬಿಸಿಯಿತ್ತು. ಗಿರಿಜವ್ವ ಬಾಗಿಲಲ್ಲಿ ನಿಂತು, "ನೋಡು, ಸೂಜಿಯಿಂದನ ಜ್ವರಾ ಬಂತು," ಎಂದಳು. ಹಾಗಲ್ಲ, ಒಂದೆರಡು ದಿನ ಇಷ್ಟು ಇರುತ್ತದೆ, ಆ ಸೂಜಿಯಲ್ಲಿ ಇರುವುದು ಸತ್ತ ಹುಳ, ಅದು ಎದ್ದು ಜ್ವರ ತರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಸತ್ತದ್ದು ಎದ್ದು ಬರುವುದಿಲ್ಲ ಎಂಬುದನ್ನು ನನಗೆ ಯಾವ ಡಾಕ್ಟರೂ ಹೇಳಬೇಕಾಗಿರಲಿಲ್ಲ. ಎರಡನೇ ದಿನಕ್ಕೆ ಮೈ ತಣ್ಣಗಾಯಿತು.

ತೊಟ್ಟಿಲ ದಿನ ಬಂತು. ಮುಂಜಾನೆ ಎರಡು ಸಲ ಜಳಕ ಮಾಡಿದೆ. ಒಗೆಸಿ ಇಟ್ಟಿದ್ದ ಧೋತರ ಉಟ್ಟೆ. ಟ್ರಂಕಿನ ತಳದಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದೆ. ಅದರೊಳಗೆ ಒಂದು ಕುಂಚಿಗೆ ಇತ್ತು, ಕೂಸಿನ ತಲೆಗೆ ಹಾಕಿ ಬೆನ್ನಿನವರೆಗೆ ಇಳಿಬಿಡುವ ಟೊಪ್ಪಿಗೆ. ರೇಣುಕಾಳ ಮದುವೆಯಾದ ತಿಂಗಳಲ್ಲೇ ನನ್ನ ಹೆಂಡತಿ ಅದನ್ನು ಹೊಲಿದಿಟ್ಟಿದ್ದಳು. ಅವಳಿಗೆ ಎಲ್ಲದಕ್ಕೂ ಅವಸರ, ಹೋಗುವುದಕ್ಕೂ. ಪ್ಲಾಸ್ಟಿಕ್ ಚೀಲ ಹರಿದಿತ್ತು. ಅಂಥದ್ದರಲ್ಲಿ ಒಯ್ಯುವುದು ಮರ್ಯಾದೆಯಲ್ಲವೆಂದು ಕುಂಚಿಗೆಯನ್ನು ನನ್ನ ಹತ್ತಿರವಿದ್ದ ಒಂದೇ ಒಂದು ಛಲೋ ಚೀಲಕ್ಕೆ ಹಾಕಿ ಜಿಪ್ಪು ಎಳೆದೆ.

ಯಾವ ಚೀಲ ಎಂದು ನಿಮಗೆ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ಮೆಣಸಿನಕಾಯಿಯ ಘಾಟು ಇಲ್ಲದ ಗಾಳಿ ಹೇಗಿರುತ್ತದೆಂಬುದನ್ನೇ ನನ್ನ ಮೂಗು ಮರೆತಿತ್ತು.

ಕದರಮಂಡಲಗಿ ದಾಟುವಾಗ ಬಸ್ಸಿನಿಂದಲೇ ಹಣಮಪ್ಪನಿಗೆ ಕೈಮುಗಿದೆ. ರಾಣೇಬೆನ್ನೂರಿನ ಮನೆ ತುಂಬ ಹೆಂಗಸರಿದ್ದರು. ಗೌರವ್ವನವರು ಬಾಗಿಲಲ್ಲೇ ಕೇಳಿದರು.

"ಬರ್ರಿ ಬೀಗರ. ಸೂಜಿ ಆತೇನ್ರಿ?"

"ಹದಿನೈದ ದಿನಾ ಆತ್ರಿ," ಎಂದು ದವಾಖಾನೆಯ ಕಾಗದ ತೋರಿಸಿದೆ. ಅವರು ಅದನ್ನು ಓದಿ, ತಲೆಯಾಡಿಸಿ, ನನ್ನ ಕೈಗೆ ಸಾಬೂನು ಕೊಟ್ಟರು. ಕೈ ತೊಳೆದೆ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಎಡಗೈ ಕೆಳಗೆ, ಬಲಗೈ ಮೇಲೆ. ರೇಣುಕಾ ಕೂಸನ್ನು ತಂದಳು. ನನ್ನ ತೊಡೆಗೂ ಅದಕ್ಕೂ ಒಂದು ಗೇಣು ಉಳಿದಿತ್ತು. ಅಲ್ಲಿಗೆ ಸುಮ್ಮನಿದ್ದೆನೇ?

"ತಡಿ ಅವ್ವಾ. ಚೀಲದಾಗ ನಿಮ್ಮವ್ವ ಹೊಲದ ಕುಂಚಗಿ ಐತಿ. ಅದನ್ನ ಹಾಕಿ ಕೊಡು."

ರೇಣುಕಾ ಕೂಸನ್ನು ಅತ್ತೆಯ ಕೈಗೆ ಕೊಟ್ಟು ಚೀಲ ತೆರೆದಳು. ಅವ್ವನ ಹೊಲಿಗೆ ಕಂಡು ಕಣ್ಣು ತುಂಬಿತು. ಮಡಿಕೆ ಬಿಡಿಸಲು ಅದನ್ನು ಒಮ್ಮೆ ಕೊಡವಿದಳು.

ಮೊದಲು ರೇಣುಕಾ ಸೀನಿದಳು. ಆಮೇಲೆ ಗೌರವ್ವನವರು. ಆಮೇಲೆ ಆರತಿ ಹಿಡಿದವರು, ಸೋಬಾನೆ ಹಾಡುವವರು. ಹಾಡಿನ ಸಾಲು ನಡುವೆಯೇ ತುಂಡಾಯಿತು. ಕೊನೆಗೆ ಕೂಸು ಸೀನಿತು, ಬೆರಳಿನಷ್ಟು ಸಣ್ಣ ಸೀನು, ಅದರ ಹಿಂದೆಯೇ ಕಿವಿ ಒಡೆಯುವ ಅಳು. ಇಡೀ ಮನೆಯಲ್ಲಿ ಸೀನದೆ ಕೂತವನು ನಾನೊಬ್ಬನೇ.

ಕೂಸನ್ನು ಒಳಗೆ ಒಯ್ದು ಮುಖ ಒರೆಸಿದರು. ಸ್ವಲ್ಪ ಹೊತ್ತಿಗೆ ಅಳು ನಿಂತು ಹಾಲು ಕುಡಿಯಿತು ಎಂದು ಸುದ್ದಿ ಬರುವವರೆಗೆ ನನ್ನ ಜೀವ ಜೀವದಲ್ಲಿರಲಿಲ್ಲ. ಗೌರವ್ವನವರು ಸೆರಗಿನಿಂದ ಮೂಗು ಒರೆಸುತ್ತ ಹೊರಗೆ ಬಂದರು.

"ಬೀಗರ, ಆ ಸೂಜಿ ಫ್ಲೂ ಜ್ವರಕ್ಕ. ಮೆಣಸಿನಕಾಯಿಗೆ ಯಾವ ಸೂಜೀನೂ ಇಲ್ಲೇನ್ರಿ?"

ಇನ್ನೊಮ್ಮೆ ಜಳಕ ಮಾಡಿ, ಅಳಿಯನ ಅಂಗಿ ಲುಂಗಿ ತೊಟ್ಟು, ಮತ್ತೆ ಕೂಸಿನ ಹತ್ತಿರ ಹೋಗುವ ಧೈರ್ಯವಾಗದೆ ಹೊರಗಿನ ಕಟ್ಟೆಯ ಮೇಲೆ ಕೂತೆ. ಒಳಗೆ ಹೆಸರಿಟ್ಟರು, ತೊಟ್ಟಿಲು ತೂಗಿದರು, ಹಾಡಿದರು. ನನಗೆ ಎಲೆ ಹೊರಗೇ ಬಂತು. ಅರ್ಧ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟೆ. ನೂರು ಮಂದಿಯ ಮನೆಯ ಮುಂದೆ ಕೂತು ಒಬ್ಬನೇ ಉಣ್ಣುವುದು, ಕೋಣೆಯಲ್ಲಿ ಒಬ್ಬನೇ ಉಣ್ಣುವುದಕ್ಕಿಂತ ಕಷ್ಟ.

ರೇಣುಕಾ ಕುಂಚಿಗೆಯನ್ನು ಮೂರು ಸಲ ಒಗೆದು ತಂದು ಅಂಗಳದ ತಂತಿಗೆ ಹಾಕಿದಳು.

"ಇದು ಒಣಗೂ ತನಕ ಕುಂದ್ರು ಅಪ್ಪಾ. ಕೂಸಿಗೆ ಹಾಕ್ತೇನಿ, ನೋಡಿ ಬಸ್ಸಿಗೆ ಹೋಗಿಯಂತ."

ಸುಗ್ಗಿಯ ಬಿಸಿಲು ಕಾದ ಹಂಚಿನಂತಿತ್ತು. ಅರ್ಧ ತಾಸಿನಲ್ಲಿ ಕುಂಚಿಗೆಯ ಅಂಚು ಗಾಳಿಗೆ ಹಾರಾಡತೊಡಗಿತು. ಒಣಗಿದರೆ ಹಾಕುತ್ತಾರೆ, ಹಾಕಿದರೆ ನಾನು ದೂರದಿಂದ ನೋಡಿ ಹೊರಡಬೇಕು. ಬಿಸಿಲು ಬೀಳದಿರಲಪ್ಪಾ ಎಂದು ಬೇಡಿಕೊಂಡ ಮೊದಲ ಬ್ಯಾಡಗಿಯವನು ನಾನೇ ಇರಬೇಕು. ಬಿಸಿಲು ಕೇಳಲಿಲ್ಲ. ಅತ್ತಿತ್ತ ನೋಡಿದೆ. ಯಾರೂ ಇರಲಿಲ್ಲ. ಕುಡಿಯಲು ಕೊಟ್ಟಿದ್ದ ತಂಬಿಗೆಯಿಂದ ಒಂದು ಬೊಗಸೆ ನೀರು ತೆಗೆದು ಕುಂಚಿಗೆಯ ಮೇಲೆ ಚಿಮುಕಿಸಿದೆ. ಇನ್ನೊಂದು ಬೊಗಸೆಗೆ ಕೈ ಹಾಕಿದಾಗ ಬಾಗಿಲಲ್ಲಿ ಗೌರವ್ವನವರು ನಿಂತಿದ್ದರು.

"ಬೀಗರ, ಇನ್ನೂ ಒಣಗಿಲ್ಲೇನ್ರಿ?"

"ಇಲ್ರಿ. ಸ್ವಲ್ಪ ಹಸಿ ಐತಿ."

ಅವರು ತಂತಿಯ ಕೆಳಗೆ ನೆಲಕ್ಕೆ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡಿದರು. ನನ್ನ ಒದ್ದೆ ಕೈ ನೋಡಿದರು. ಒಳಗೆ ಹೋದರು. ತಿರುಗಿ ಬಂದಾಗ ಒಂದು ತೋಳಿನಲ್ಲಿ ಕೂಸು ಇತ್ತು, ಇನ್ನೊಂದು ಕೈಯಲ್ಲಿ ತುಂಬಿದ ತಂಬಿಗೆ. ತಂಬಿಗೆಯನ್ನು ನನ್ನ ಪಕ್ಕದಲ್ಲಿಟ್ಟು, ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿದರು.

"ಅದು ಒಣಗೂ ತನಕ ಹಿಡಕೊಂಡ ಕುಂದ್ರಿ," ಎಂದರು.

ಮೂವತ್ತು ವರ್ಷ ಕಣದಲ್ಲಿ ಕಾಯಿ ಒಣಗುವುದನ್ನು ನೋಡಿದ ಅನುಭವಸ್ಥ ನಾನು. ಗೇಣಗಲದ ಒಂದು ಕುಂಚಿಗೆ ಒಣಗಿಸಲು ಅಂದು ನನಗೆ ಸಂಜೆಯವರೆಗೆ ಹಿಡಿಯಿತು.